ಷರಾ: ಬೈದಳು

"ನನ್ನ ಬೆಳಗ್ಗೆಗಳನ್ನ ಬರೆದಿಡೋಕೆ ನಿಮಗೆ ಯಾರ್ರೀ ಹೇಳಿದ್ದು? ನಾನೇನು ನಿಮ್ಮ ನಿಲ್ದಾಣಕ್ಕೆ ಬಂದು ನಿಲ್ಲೋ ಬಸ್ಸಾ?"

"ಬಸ್ಸಾಗಿದ್ರೆ ಇಷ್ಟು ತಡ ಆಗ್ತಿರ್ಲಿಲ್ಲ," ಅಂದ ಗಂಡ, ಚಹಾ ಸೋಸುತ್ತ.

"ಮಗ್ಗುಲಲ್ಲಿ ಗಡಿಯಾರ ಹಿಡ್ಕೊಂಡು ಮಲಗಿದ್ರಾ ಇಷ್ಟು ದಿನ? ಗಂಡ ಅಲ್ಲ ನೀವು, ಪತ್ತೇದಾರ."

ಟೈಲರಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ನೀಲಿ ರಟ್ಟಿನ ಉದ್ದನೆಯ ರಿಜಿಸ್ಟರ್. ಕೈಯಲ್ಲಿ ಅನ್ನುವುದು ಮಾತಿಗೆ ಮಾತ್ರ. ಬೆಳಗಿನ ಏಳು ಗಂಟೆಗೆ ಅವಳ ಬೆರಳುಗಳು ಯಾವ ವಸ್ತುವನ್ನೂ ಹಿಡಿಯಲು ಒಪ್ಪುತ್ತಿರಲಿಲ್ಲವಾದ್ದರಿಂದ ರಿಜಿಸ್ಟರ್ ಎರಡು ಮುಂಗೈಗಳ ನಡುವೆ ಸಿಕ್ಕಿಕೊಂಡಿತ್ತು. ಹಳೆಯ ಪೇಪರುಗಳ ಅಡಿಯಲ್ಲಿ ಅಡಗಿಸಿಟ್ಟಿದ್ದ ಅದನ್ನು ಅವಳು ಹೊರಗೆ ಎಳೆದದ್ದು ಮೊಣಕೈಯಿಂದ.

ಗಂಡ ಇಪ್ಪತ್ತೇಳು ವರ್ಷದಿಂದ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್. ಬಸ್ಸು ಬಂದ ಹೊತ್ತು, ಹೊರಟ ಹೊತ್ತು, ಎಷ್ಟು ತಡ, ತಡಕ್ಕೆ ಕಾರಣ, ಇಷ್ಟನ್ನು ಬರೆಯುವುದು ಅವನ ಕೆಲಸ. ಒಂದು ನಿಮಿಷ ಹೆಚ್ಚು ಬರೆದವನಲ್ಲ, ಕಡಿಮೆ ಬರೆದವನಲ್ಲ. ಡ್ರೈವರುಗಳು ಕಾಲು ಹಿಡಿದರೂ ಆರು ಹನ್ನೆರಡನ್ನು ಆರು ಹತ್ತು ಮಾಡಿದವನಲ್ಲ. ಅಂಥವನು ನಿಲ್ದಾಣದಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಒಂದು ರಿಜಿಸ್ಟರನ್ನು ಮನೆಗೆ ತಂದು, ಗೆರೆ ಎಳೆದು, ಎಂಟು ವಾರದಿಂದ ಹೆಂಡತಿಯ ಬೆಳಗನ್ನು ಬರೆದಿಟ್ಟಿದ್ದ. ದಿನಾಂಕ. ಎದ್ದ ಸಮಯ. ಮುಷ್ಟಿ ಕಟ್ಟಲು ಬಂದ ಸಮಯ. ತಡ. ಕೊನೆಗೆ ಷರಾ.

ಮೂರನೇ ತಾರೀಕು. ಎದ್ದದ್ದು 5.50. ಮುಷ್ಟಿ 7.35. ತಡ ಒಂದು ಗಂಟೆ ನಲವತ್ತೈದು ನಿಮಿಷ. ಷರಾ: ಬೈದಳು.

ನಾಲ್ಕನೇ ತಾರೀಕು. ಎದ್ದದ್ದು 5.45. ಮುಷ್ಟಿ 7.40. ಷರಾ: ಲೋಟ ಬಿತ್ತು. ಬೀಳಿಸಿದ್ದು ನೀವೇ ಎಂದಳು. ಬೈದಳು.

ಐದನೇ ತಾರೀಕು. ಎದ್ದದ್ದು 5.30. ಮುಷ್ಟಿ 8.05. ಷರಾ: ಬೈಯಲಿಲ್ಲ. ತುಂಬಾ ನೋವಿರಬೇಕು.

ಟೈಲರಮ್ಮನ ಮೈ ಉರಿದದ್ದು ಆ ಐದನೇ ತಾರೀಕಿಗೆ. ಬೈದಳು ಎಂದು ಬರೆದರೆ ಸಹಿಸಬಹುದು, ಅದು ನಿಜ. ಬೈಯಲಿಲ್ಲ ಎಂದು ಬರೆಯುವ ಗಂಡನ ಜೊತೆ ಬಾಳುವುದು ಹೇಗೆ? ರಿಜಿಸ್ಟರನ್ನು ಅವನ ಮುಖಕ್ಕೆ ಎಸೆಯೋಣ ಎಂದು ತೋಳು ಬೀಸಿದಳು. ತೋಳೇನೋ ಬೀಸಿತು. ಆದರೆ ರಿಜಿಸ್ಟರ್ ಎಲ್ಲಿಗೂ ಹೋಗದೆ, ಮುಂಗೈಯಿಂದ ಜಾರಿ, ಅವಳದೇ ಎಡಗಾಲಿನ ಮೇಲೆ ಅಡ್ಡಡ್ಡ ಬಿತ್ತು. ಆ ಕಾಲಿನ ಬೆರಳುಗಳೂ ಊದಿದ್ದವು. ಕೋಪ ತೀರಿಸಿಕೊಳ್ಳುವುದಕ್ಕೂ ಗಟ್ಟಿ ಕೀಲು ಬೇಕು ಅನ್ನುವುದು ಅವಳಿಗೆ ಈ ಎರಡು ವರ್ಷದಲ್ಲಿ ಗೊತ್ತಾದ ಹೊಸ ವಿಷಯ.

ಗಂಡ ಬಗ್ಗಿ ರಿಜಿಸ್ಟರ್ ಎತ್ತಿದ, ಧೂಳು ಕೊಡವಿದ, ಗೋಡೆ ಗಡಿಯಾರ ನೋಡಿದ, ಜೇಬಿನ ಪೆನ್ನಿಗೆ ಕೈ ಹಾಕಿದ. ಹೆಂಡತಿಯ ಕಣ್ಣು ನೋಡಿ ಪೆನ್ನನ್ನು ಅಲ್ಲೇ ಬಿಟ್ಟ.

ನಾಳೆ ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆ. ಇದು ಡಾಕ್ಟರಮ್ಮನ ಮೇಜಿನ ಮೇಲೆ ಕೂರಲೆಂದೇ ಹುಟ್ಟಿದ ರಿಜಿಸ್ಟರ್ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಇದು ಅವರ ಕೈಗೆ ಹೋದರೆ ನಾನು ಆ ಆಸ್ಪತ್ರೆಯ ಮೆಟ್ಟಿಲು ಮತ್ತೆ ಹತ್ತುವುದಿಲ್ಲ ಎಂದಳು. ಗಂಡ ಚಹಾದ ಪಾತ್ರೆ ಕೆಳಗಿಟ್ಟ.

"ಸರಿ. ನಾನು ಅವರ ಕೈಗೆ ಕೊಡಲ್ಲ. ಬಾಯಿ ಬಿಟ್ಟು ಹೇಳೋದೂ ಇಲ್ಲ. ಸಾಕಾ?"

ಸಾಕು ಎಂದಳು. ಅವನ ಮಾತು ಅವನ ರಿಜಿಸ್ಟರಿನಷ್ಟೇ ಪಕ್ಕಾ. ಆಮೇಲೆ ಅವನು ಹತ್ತಿರ ಬಂದು ಅವಳ ಅಂಗಿಯ ಆರು ಗುಂಡಿಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಹಾಕಿದ. ಜಗಳ ಮುಗಿದಿರಲಿಲ್ಲ. ಗುಂಡಿ ಹಾಕುವಷ್ಟು ಹೊತ್ತು ಅದಕ್ಕೆ ಬಿಡುವು ಕೊಟ್ಟಿದ್ದರು, ಅಷ್ಟೆ. ಮೂವತ್ತು ವರ್ಷದಿಂದ ಕಂಡವರ ಅಂಗಿಗೆಲ್ಲ ಗುಂಡಿ ಕೂರಿಸಿ ಹೆಸರು ಮಾಡಿದವಳು, ತನ್ನ ಗುಂಡಿಗೆ ಶಾಲೆಗೆ ಹೊರಟ ಮಗುವಿನ ಹಾಗೆ ಗಲ್ಲ ಎತ್ತಿ ನಿಂತಿದ್ದಳು. ಬೇರೆ ಯಾರಾದರೂ ಹೀಗೆ ನಿಂತದ್ದನ್ನು ಕಂಡಿದ್ದರೆ ಅಂಗಡಿಯಲ್ಲಿ ಒಂದು ವಾರ ಆಡಿಕೊಂಡು ನಗುತ್ತಿದ್ದಳು.

ಇದು ಶುರುವಾದಾಗ ಟೈಲರಮ್ಮ ಮೊದಲು ಬೈದದ್ದು ಕತ್ತರಿಯನ್ನು. ಕತ್ತರಿಯ ತಿರುಪು ಬಿಗಿಯಾಗಿದೆ ಎಂದು ಸಾಣೆ ಹಿಡಿಯುವವನ ಹತ್ತಿರ ಹೋಗಿ ಜಗಳ ಮಾಡಿ ಬಂದಳು. ಅವನು ತಿರುಪು ಸಡಿಲಿಸಿದ. ಮರುದಿನ ಮತ್ತೆ ಹೋದಳು. ಮೂರನೇ ಸಲ ಅವನು ಕತ್ತರಿಯನ್ನು ಬದಿಗಿಟ್ಟು ಅವಳ ಕೈಯನ್ನೇ ನೋಡಿ, ಅಕ್ಕ, ಊದಿರೋದು ಕತ್ತರಿ ಅಲ್ಲ ಎಂದ. ಅವನ ಅಂಗಡಿಗೆ ಅವಳು ಆಮೇಲೆ ಆರು ತಿಂಗಳು ಹೋಗಲಿಲ್ಲ. ಸತ್ಯ ಹೇಳಿದವರ ಅಂಗಡಿಗೆ ಅವಳು ಸುಲಭಕ್ಕೆ ಹೋಗುವವಳಲ್ಲ.

ಬೀದಿಯಲ್ಲಿ ಎಲ್ಲರಿಗೂ ಔಷಧಿ ಗೊತ್ತಿತ್ತು. ಒಬ್ಬರು ತಾಮ್ರದ ಉಂಗುರ ಹಾಕು ಎಂದರು. ಊದಿದ ಬೆರಳಿಗೆ ಹಾಕಿ, ತೆಗೆಯಲು ಬಾರದೆ, ಪೈಪು ರಿಪೇರಿಯವನಿಂದ ಕತ್ತರಿಸಿಕೊಂಡಳು. ಒಬ್ಬರು ಟೊಮೇಟೊ ಬಿಡು ಎಂದರು, ಇನ್ನೊಬ್ಬರು ಟೊಮೇಟೊ ಬಿಟ್ಟು ಬೇರೆ ಏನೂ ತಿನ್ನಬೇಡ ಎಂದರು. ಯಾರನ್ನೂ ಬೇಸರಪಡಿಸಬಾರದೆಂದು ಒಂದೇ ವಾರದಲ್ಲಿ ಎರಡನ್ನೂ ಮಾಡಿದಳು.

ಕೊನೆಗೆ ಸಿಕ್ಕವರು ಈ ಕೀಲುಗಳ ಡಾಕ್ಟರಮ್ಮ. ವಯಸ್ಸಿನಲ್ಲಿ ಮಗಳಂಥವರು, ಮೆಲುಮಾತಿನವರು. ಕಾಯಿಲೆಯ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್ ಎಂದರು. ಮೈ ಕಾಯಬೇಕಾದ ಕಾವಲಿನವರೇ ತಲೆಕೆಟ್ಟು, ಹೊರಗಿನ ಕಳ್ಳರನ್ನು ಬಿಟ್ಟು ಮನೆಯವರನ್ನೇ ಹಿಡಿದು ಬಡಿಯುತ್ತಾರೆ, ಪೆಟ್ಟು ಬೀಳುವುದು ಕೀಲುಗಳಿಗೆ ಎಂದು ಬಿಡಿಸಿ ಹೇಳಿದರು. ಗಂಡ ಗಂಭೀರವಾಗಿ ತಲೆಯಾಡಿಸಿ, ನಮ್ಮ ಮನೆಯಲ್ಲಿ ಇದು ಹಳೇ ಪದ್ಧತಿ ಡಾಕ್ಟ್ರೇ ಎಂದ. ಡಾಕ್ಟರಮ್ಮ ನಕ್ಕರು. ಟೈಲರಮ್ಮನಿಗೆ ಅಲ್ಲಿ ನಗಲು ಮನಸ್ಸು ಬರಲಿಲ್ಲ. ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ನಕ್ಕಳು.

ವಾರಕ್ಕೊಂದು ಸಲ ನುಂಗುವ ಹಳದಿ ಮಾತ್ರೆ, ದಿನಾ ನುಂಗುವ ಪುಟ್ಟ ಬಿಳಿ ಮಾತ್ರೆ, ಎರಡು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಆರು ತಿಂಗಳಲ್ಲಿ ಬೆರಳು ಇಳಿದವು. ಬೆಳಗ್ಗೆ ಕೈ ಎಷ್ಟು ಹೊತ್ತು ಬಿಗಿಯಾಗಿರುತ್ತೆ ಎಂದು ಡಾಕ್ಟರಮ್ಮ ಕೇಳಿದರೆ, ಹತ್ತು ನಿಮಿಷ ಎಂದು ಎದೆ ಎತ್ತಿ ಹೇಳಿದಳು. ಆಗ ಅದು ನಿಜವೂ ಆಗಿತ್ತು. ಡಾಕ್ಟರಮ್ಮನ ಮುಖ ಅರಳಿದ್ದನ್ನು ನೋಡಿದಳಲ್ಲ, ಅಲ್ಲೇ ಕೆಟ್ಟಿತು. ಪರೀಕ್ಷೆಯಲ್ಲಿ ಒಮ್ಮೆ ಒಳ್ಳೆ ಅಂಕ ತೆಗೆದ ಮಗು ಆಮೇಲಿನ ಅಂಕಪಟ್ಟಿಯನ್ನು ಚೀಲದ ತಳದಲ್ಲಿ ಮಡಚಿಡುವ ಹಾಗೆ, ಕೈ ಮತ್ತೆ ಕೆಟ್ಟ ಮೇಲೂ ಇವಳು ಹತ್ತು ನಿಮಿಷವನ್ನು ಬಿಡಲಿಲ್ಲ.

ಇನ್ನೊಂದು ಕಾರಣವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಒಮ್ಮೆ ಪಕ್ಕ ಕೂತಿದ್ದ ಬೇಕರಿಯ ಹೆಂಗಸು, ತನಗೆ ಡಾಕ್ಟರು ಹಿಟ್ಟು ನಾದುವುದು ಬಿಡು ಅಂದರೆಂದೂ, ತಾನು ಬಿಟ್ಟೇಬಿಟ್ಟೆನೆಂದೂ, ಈಗ ತಮ್ಮನ ಅಂಗಡಿಯಲ್ಲಿ ಸುಮ್ಮನೆ ಕುರ್ಚಿಯಲ್ಲಿ ಕೂರುತ್ತೇನೆಂದೂ ಹೇಳಿದ್ದಳು. ನಿಮಗೂ ಕತ್ತರಿ ಬಿಡಿ ಅಂತಾರೆ ನೋಡ್ತಿರಿ ಎಂದೂ ಸೇರಿಸಿದ್ದಳು. ಆ ಮಾತು ಅಂದಿನಿಂದ ಟೈಲರಮ್ಮನನ್ನು ಬಿಟ್ಟಿರಲಿಲ್ಲ. ಅವಳ ಅಂಗಡಿಯಲ್ಲಿ ಬಟ್ಟೆಗೆ ಕತ್ತರಿ ಹಾಕುವುದು ಅವಳೊಬ್ಬಳೇ. ಹೊಲಿಯುವುದನ್ನು ಯಾರಾದರೂ ಹೊಲಿದಾರು. ಕತ್ತರಿ ಹಿಡಿದವಳು ಟೈಲರಮ್ಮ. ಹಿಡಿಯದವಳು ಯಾರು? ಕುರ್ಚಿಯಲ್ಲಿ ಕೂತ ಇನ್ನೊಬ್ಬ ಹೆಂಗಸು.

ಹಾಗಾಗಿ ಪ್ರತಿ ಸಲ ಸಿದ್ಧತೆ ನಡೆಯುತ್ತಿತ್ತು. ಸಮಯ ಯಾವಾಗಲೂ ಮಧ್ಯಾಹ್ನ ಮೂರರ ಮೇಲೆ, ಯಾಕೆಂದರೆ ಕೈ ಅಷ್ಟು ಹೊತ್ತಿಗೆ ಸ್ವಲ್ಪ ಮೆತ್ತಗಾಗಿರುತ್ತದೆ. ಹೊರಡುವ ಮುಂಚೆ ಅರ್ಧ ಗಂಟೆ ಬಿಸಿನೀರಿನಲ್ಲಿ ಕೈ. ಒಂದು ಗಂಟೆ ಮುಂಚೆ, ಡಾಕ್ಟರಮ್ಮ ಬರೆಯದೇ ಇದ್ದ, ಔಷಧಿ ಅಂಗಡಿಯಿಂದ ತಾನೇ ತಂದ ನೋವಿನ ಮಾತ್ರೆ ಎರಡು. ಹೀಗೆ ಇಸ್ತ್ರಿ ಹೊಡೆಸಿಕೊಂಡ ಕೈಗಳನ್ನು ಡಾಕ್ಟರಮ್ಮನ ಮೇಜಿನ ಮೇಲೆ ಇಡುತ್ತಿದ್ದಳು. ಎರಡು ತಿಂಗಳ ಹಿಂದೆ ರಕ್ತ ಮಾತ್ರ ಮಾತು ಕೇಳಲಿಲ್ಲ. ರಿಪೋರ್ಟಿನಲ್ಲಿ ಅಂಕಿ ಏರಿತ್ತು. ರಕ್ತ ಒಂದು ಹೇಳುತ್ತೆ, ನೀವು ಒಂದು ಹೇಳ್ತೀರ ಎಂದು ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ನೆಗಡಿ ಆಗಿತ್ತು ಎಂದಳು. ಹತ್ತೇ ನಿಮಿಷ ಅಂದರೆ ಆ ಬಿಳಿ ಮಾತ್ರೆ ಅರ್ಧಕ್ಕಿಳಿಸೋಣವಾ ಎಂದು ಕೇಳಿದರು. ಬೇಡ ಅನ್ನಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. ಇಳಿಸಿ ಡಾಕ್ಟ್ರೇ ಎಂದಳು. ಮೈಯಲ್ಲೆಲ್ಲ ಕೀಲು ಬಿಗಿದಿದ್ದರೂ ನಾಲಗೆ ಮಾತ್ರ ಸರಾಗ ಆಡಿತು.

ಗಂಡ ರಿಜಿಸ್ಟರಿಗೆ ಗೆರೆ ಎಳೆದದ್ದು ಆ ವಾರ.

ಆ ದಿನ, ಜಗಳದ ದಿನ, ಟೈಲರಮ್ಮ ಅಂಗಡಿಗೆ ಹೋದಾಗ ಶಟರ್ ಆಗಲೇ ಮೇಲೆದ್ದಿತ್ತು. ಎತ್ತಿದವಳು ಕಾಜಾ. ಗುಂಡಿ ಹಾಯಿಸುವ ತೂತಿಗೆ ಕಾಜಾ ಅನ್ನುತ್ತಾರೆ. ಹನ್ನೆರಡು ವರ್ಷದಿಂದ ಅದನ್ನೇ ಹೊಲಿದು ಹೊಲಿದು ಆ ಹೆಂಗಸಿನ ಹೆಸರೇ ಕಾಜಾ ಆಗಿತ್ತು. ಟೈಲರಮ್ಮ ಮೊದಲು ಬಂದು ಶಟರ್ ಎತ್ತುತ್ತಿದ್ದ ಕಾಲ ಹೋಗಿ ಒಂದು ವರ್ಷವಾಗಿತ್ತು. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಹತ್ತು ಗಂಟೆಯ ಮುಂಚೆ ಟೈಲರಮ್ಮ ಕತ್ತರಿ ಮುಟ್ಟುತ್ತಿರಲಿಲ್ಲ. ಹತ್ತರ ಮೇಲೆ ಬೆಳಕು ಚೆನ್ನಾಗಿರುತ್ತೆ ಅನ್ನುತ್ತಿದ್ದಳು. ಅಂಗಡಿಯಲ್ಲಿ ಇಡೀ ದಿನ ಉರಿಯುತ್ತಿದ್ದದ್ದು ಎರಡು ಟ್ಯೂಬ್‌ಲೈಟು.

ಮೇಜಿನ ಮೇಲೆ ಶಾಲೆಯ ಸಮವಸ್ತ್ರದ ಬಟ್ಟೆ, ಎಂಟು ಪದರ ಒಟ್ಟಿದ್ದು. ಸೀಮೆಸುಣ್ಣದ ಗೆರೆ ಬಿದ್ದು ನಾಲ್ಕು ದಿನವಾಗಿತ್ತು. ಕಾಜಾ ಆ ಗೆರೆಗಳನ್ನು ನೋಡುತ್ತಿದ್ದಳು, ಕತ್ತರಿಯನ್ನು ನೋಡುತ್ತಿದ್ದಳು, ಮತ್ತೆ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾನು ಕತ್ತರಿಸಲಾ ಅಕ್ಕ ಎಂದು ಒಂದು ಸಲ ಕೇಳಿ, ಕಾಜಾ ಹಾಕೋರು ಕಾಜಾ ಹಾಕ್ಲಿ ಅನ್ನಿಸಿಕೊಂಡಿದ್ದಳು.

ಹನ್ನೆರಡೂವರೆಗೆ ಹೆಡ್‌ಮಾಸ್ಟರು ಬಂದರು. ಸಮವಸ್ತ್ರದ ಶಾಲೆಯವರೇ. ಅವರದೊಂದು ಕೋಟು ಸಿದ್ಧವಾಗಿತ್ತು. ಕನ್ನಡಿಯ ಮುಂದೆ ಹಾಕಿಕೊಂಡರು. ನಡುವಿನ ಗುಂಡಿ ಕಾಜಾದ ತನಕ ಬಂದು, ಒಳಗೆ ಹೋಗಲೊಲ್ಲದೆ ನಿಂತಿತು. ಕೋಟು ಬಿಗಿ ಮಾಡಿದ್ದೀರಿ, ಬಟ್ಟೆ ಉಳಿಸಿಕೊಂಡಿರಬೇಕು ಎಂದು ಹೆಡ್‌ಮಾಸ್ಟರು ಅಂದರು. ಟೈಲರಮ್ಮನಿಗೆ ಬೆಳಗಿನ ಸಿಟ್ಟು ಇನ್ನೂ ಖರ್ಚಾಗದೆ ಉಳಿದಿತ್ತು.

"ಅಳತೆ ತಗೊಳ್ಳೋವಾಗ ಹೊಟ್ಟೆ ಒಳಗೆ ಎಳ್ಕೊಂಡಿದ್ರಿ ಮೇಷ್ಟ್ರೇ. ಉಸಿರು ಬಿಡಿ ಅಂತ ಮೂರು ಸಲ ಹೇಳಿದೆ. ನಾನು ಯಾವಾಗ್ಲೂ ಹೀಗೇ ನಿಲ್ಲೋದು ಅಂದ್ರಿ."

ಹೆಡ್‌ಮಾಸ್ಟರು ಏನೋ ಹೇಳಹೊರಟರು. ಅವಳು ಬಿಡಲಿಲ್ಲ.

"ಟೇಪಿಗೆ ಸುಳ್ಳು ಹೇಳಿ, ಆಮೇಲೆ ಕತ್ತರೀನ ಬೈದ್ರೆ ಹೇಗೆ? ಈ ಕೋಟು ನಿಮಗೆ ಹೊಲಿದಿದ್ದಲ್ಲ, ನಿಮ್ಮ ಸುಳ್ಳಿಗೆ ಹೊಲಿದಿದ್ದು. ಅದಕ್ಕೆ ಸರಿಯಾಗೇ ಇದೆ."

ಹೆಡ್‌ಮಾಸ್ಟರು ಮೆಲ್ಲಗೆ ಉಸಿರು ಬಿಟ್ಟರು. ಕೋಟಿನ ಎರಡು ಅಂಚುಗಳು ನಾಲ್ಕು ಬೆರಳಿನಷ್ಟು ದೂರ ಸರಿದವು. ಕಾಜಾ ತಲೆ ಎತ್ತಿ ಹೆಡ್‌ಮಾಸ್ಟರ ಹೊಟ್ಟೆಯನ್ನು ನೋಡಲಿಲ್ಲ. ಟೈಲರಮ್ಮನ ಕೈಗಳನ್ನು ನೋಡಿದಳು. ಬಾಗಿಲಲ್ಲಿ ಗಂಡ ಊಟದ ಡಬ್ಬಿ ಹಿಡಿದು ನಿಂತಿದ್ದ. ಅವಳು ಮರೆತು ಬಂದದ್ದನ್ನು ತಂದಿದ್ದ. ಯಾವಾಗಿನಿಂದ ನಿಂತಿದ್ದನೋ. ಡಬ್ಬಿ ಇಟ್ಟು, ಗಡಿಯಾರ ನೋಡಿ ಹೋದ.

"ಏನು ನೋಡ್ತೀಯ? ಕೆಲಸ ನೋಡು," ಎಂದು ಟೈಲರಮ್ಮ ಕಾಜಾಳಿಗೆ ಗದರಿದಳು. ಸೈಡು ಬಿಚ್ಚಿ ಅಗಲ ಮಾಡಿಕೊಡುತ್ತೇನೆ ಎಂದು ಹೆಡ್‌ಮಾಸ್ಟರಿಗೆ ಹೇಳಿ ಕಳಿಸಿದಳು. ಅಂದು ಸಂಜೆಯ ತನಕ ಕತ್ತರಿ ಎರಡು ಸಲ ಕೈಯಿಂದ ಜಾರಿತು. ಎಂಟು ಪದರದ ಬಟ್ಟೆ ಒಂದು ಗೇಣು ಕತ್ತರಿಸಿಕೊಂಡು ಅಲ್ಲೇ ನಿಂತಿತು, ಬಾಯಿ ತೆರೆದುಕೊಂಡು.

ಮರುದಿನ ಬೆಳಗ್ಗೆ ಏಳೂವರೆಗೆ ಗಂಡ ಬ್ರೆಡ್ಡಿನ ತಟ್ಟೆ ಮುಂದಿಟ್ಟು, ಬೇಗ ತಿನ್ನು, ಒಂಬತ್ತಕ್ಕೆ ಆಸ್ಪತ್ರೆ ಎಂದ.

ಮೂರಕ್ಕೆ ಎಂದಳು. ಒಂಬತ್ತಕ್ಕೆ ಎಂದ. ಯಾರು ಬದಲಾಯಿಸಿದ್ದು ಎಂದು ಕೇಳಿದಳು. ಸುಳ್ಳು ಹೇಳಲು ಬರುವ ಗಂಡಸಾಗಿದ್ದರೆ ಆಸ್ಪತ್ರೆಯವರು ಅನ್ನುತ್ತಿದ್ದ.

"ನಾನು. ನಿನ್ನೆ ಸಂಜೆ ಕೌಂಟರಿಗೆ ಹೋಗಿ ಬದಲಾಯಿಸ್ದೆ."

ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಒಂದು ಬಸ್ಸಿನ ಹೊತ್ತನ್ನೂ ತಿದ್ದದವನು ಹೆಂಡತಿಯ ಹೊತ್ತನ್ನು ತಿದ್ದಿದ್ದ. ಟೈಲರಮ್ಮ ಅವನಿಗೆ ಹೇಳಿದ್ದೆಲ್ಲವನ್ನೂ ಇಲ್ಲಿ ಬರೆಯಲಾಗದು. ಅವನ ರಿಜಿಸ್ಟರಿನಲ್ಲಿ ಅದು ಒಂದೇ ಶಬ್ದದಲ್ಲಿ ಮುಗಿದಿರಬೇಕು. ಬರುವುದಿಲ್ಲ ಎಂದಳು. ಬಾರದಿದ್ದರೆ ಮುಂದಿನ ದಿನ ಸಿಗುವುದು ಎರಡು ತಿಂಗಳಿಗೆ ಎಂದ. ಹಳದಿ ಮಾತ್ರೆ ಮುಗಿದಿತ್ತು. ಬಿಸಿನೀರು ಕಾಯಲು ಹೊತ್ತಿರಲಿಲ್ಲ. ಅವನು ಆರು ಗುಂಡಿ ಹಾಕಿದ, ಅವಳು ಆರಕ್ಕೂ ಬೈದಳು, ಇಬ್ಬರೂ ಹೊರಟರು.

ಗಂಡನ ಬಗಲಲ್ಲಿ ರಿಜಿಸ್ಟರ್ ಇತ್ತು. ಮಾತು ಕೊಟ್ಟಿದ್ದೀರಿ ಎಂದಳು. ಕೊಟ್ಟಿದ್ದೀನಿ ಎಂದ. ಆಸ್ಪತ್ರೆಯಿಂದ ಸೀದಾ ಡ್ಯೂಟಿಗೆ ಹೋಗಬೇಕು, ಹತ್ತೂಕಾಲಿನ ಬಸ್ಸು ತಾನೇ ಬಿಡಬೇಕು ಎಂದ.

ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಉದ್ದನೆಯ ಹಾದಿ, ಹಸಿರು ಬಣ್ಣದ ಗೋಡೆ, ಕಬ್ಬಿಣದ ಬೆಂಚು. ಟೈಲರಮ್ಮ ಪರ್ಸಿನಿಂದ ನೋವಿನ ಮಾತ್ರೆಯ ಹಾಳೆ ತೆಗೆದಳು. ಈಗ ನುಂಗಿದರೂ ಅರ್ಧ ಗಂಟೆಯಲ್ಲಿ ಏನಾದರೂ ಆದೀತು. ಹೆಬ್ಬೆರಳಿನಿಂದ ಒತ್ತಿದಳು. ಮಾತ್ರೆ ಹೊರಗೆ ಬರಲಿಲ್ಲ. ಎರಡೂ ಹೆಬ್ಬೆರಳು ಸೇರಿಸಿ ಒತ್ತಿದಳು. ಕಣ್ಣಲ್ಲಿ ನೀರು ಬಂತು, ಮಾತ್ರೆ ಬರಲಿಲ್ಲ. ನೋವು ಇಲ್ಲದವರ ಬೆರಳಿಗಷ್ಟೇ ತೆರೆಯುವ ಹಾಗೆ ನೋವಿನ ಮಾತ್ರೆಯ ಹಾಳೆ ಮಾಡಿದ ಪುಣ್ಯಾತ್ಮ ಎದುರು ಸಿಕ್ಕಿದ್ದರೆ ಅವನಿಗೆ ಎರಡು ಮಾತು ಹೇಳುತ್ತಿದ್ದಳು. ತೆಗೆದುಕೊಡ್ರೀ ಎಂದು ಗಂಡನತ್ತ ಚಾಚಿದಳು. ಅವನು ಎದುರಿನ ಗೋಡೆಯ ಮೇಲಿದ್ದ, ಸದ್ದು ಮಾಡಬೇಡಿ ಎಂಬ ಎರಡು ಪದದ ಬೋರ್ಡನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ. ಕೊನೆಗೆ ಹಲ್ಲಿನಿಂದ ಕಚ್ಚಿದಳು. ಹಾಳೆ ಜಾರಿ ಬೆಂಚಿನ ಅಡಿಗೆ ಹೋಯಿತು. ಬಗ್ಗೋಣ ಅಂದರೆ ಮೊಣಕಾಲು ಒಪ್ಪಲಿಲ್ಲ. ಅಷ್ಟರಲ್ಲಿ ನರ್ಸು ಅವಳ ನಂಬರು ಕೂಗಿದಳು.

ಒಳಗೆ ಡಾಕ್ಟರಮ್ಮ ಎಂದಿನಂತೆ ನಗುತ್ತ, ಇವತ್ತೇನು ಬೆಳಗ್ಗೇನೇ ಬಂದಿರಿ ಎಂದರು. ಟೈಲರಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ, ಪರ್ಸಿನ ಅಡಿಯಲ್ಲಿ ಇಟ್ಟುಕೊಂಡು ಕೂತಳು. ಗಂಡ ಪಕ್ಕದ ಕುರ್ಚಿಯಲ್ಲಿ. ಡಾಕ್ಟರಮ್ಮ ಹೊಸ ರಕ್ತದ ರಿಪೋರ್ಟು ನೋಡಿದರು, ಹಳೆಯದನ್ನು ನೋಡಿದರು, ಪೆನ್ನು ತೆಗೆದುಕೊಂಡರು.

ಬೆಳಗ್ಗೆ ಕೈ ಬಿಗಿ ಎಷ್ಟು ಹೊತ್ತು ಇರುತ್ತೆ ಎಂದು ಕೇಳಿದರು.

"ಹತ್ತು ನಿಮಿಷ," ಅಂದಳು ಟೈಲರಮ್ಮ.

ಯೋಚಿಸಿ ಹೇಳಿದ್ದಲ್ಲ, ಅದು ತಾನಾಗೇ ಬಂತು, ಕನ್ನಡಿಯ ಮುಂದೆ ನಿಂತವನ ಹೊಟ್ಟೆ ತಾನಾಗೇ ಒಳಗೆ ಹೋಗುವ ಹಾಗೆ.

ಗಂಡ ಎದ್ದು ನಿಂತ. ರಿಜಿಸ್ಟರನ್ನು ಬಗಲಿಗೆ ಇಟ್ಟುಕೊಂಡ. ಡಾಕ್ಟರಮ್ಮನಿಗೆ ಒಂದು ಸಲ ತಲೆ ಬಾಗಿಸಿದ.

"ನಾನು ಬರ್ತೀನಿ ಕಣೇ," ಅಂದ. ಬಾಗಿಲು ತೆಗೆದು ಹೊರಗೆ ಹೋದ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ನೀರು ಕುಡಿಯಲು ಹೋಗಿರಬೇಕು ಎಂದುಕೊಂಡಳು. ಎರಡು ವರ್ಷದಲ್ಲಿ ಒಂದು ಸಲವೂ ಅವನು ಮಧ್ಯದಲ್ಲಿ ಎದ್ದು ಹೋದವನಲ್ಲ. ಅವಳು ಹೇಳಿದ ಸುಳ್ಳಿಗೆಲ್ಲ ಪಕ್ಕದಲ್ಲಿ ಕೂತು ನೆಲ ನೋಡುತ್ತಿದ್ದ. ಅವನು ನೆಲ ನೋಡುತ್ತಾನೆ ಅನ್ನುವ ಧೈರ್ಯದ ಮೇಲೇ ಅವಳು ಮೇಲೆ ನೋಡಿ ಮಾತಾಡುತ್ತಿದ್ದಳು ಅನ್ನುವುದು, ಪಕ್ಕದ ಕುರ್ಚಿ ಖಾಲಿಯಾದ ಮೇಲೆ ಗೊತ್ತಾಯಿತು. ಬಾಗಿಲನ್ನು ನೋಡಿದಳು. ಡಾಕ್ಟರಮ್ಮ ಅವಳನ್ನು ನೋಡುತ್ತಿದ್ದರು. ಹತ್ತು ನಿಮಿಷ ಎಂದು ಅವರಿನ್ನೂ ಬರೆದಿರಲಿಲ್ಲ. ಪೆನ್ನಿನ ತುದಿ ಕಾಗದದ ಮೇಲೆ ನಿಂತಿತ್ತು.

ಕೈ ಕೊಡಿ ನೋಡೋಣ ಎಂದರು.

ಪರ್ಸಿನ ಅಡಿಯಿಂದ ಕೈಗಳು ಹೊರಗೆ ಬರಲಿಲ್ಲ. ಟೈಲರಮ್ಮನಿಗೆ ಹೆಡ್‌ಮಾಸ್ಟರ ಹೊಟ್ಟೆ ನೆನಪಾಯಿತು, ಆ ಉಸಿರು ಬಿಟ್ಟಾಗ ಕೋಟಿನ ಅಂಚುಗಳು ಸರಿದದ್ದು. ಎಷ್ಟು ಜೋರಾಗಿ ಬೈದಿದ್ದೆನಲ್ಲ ಆ ಪಾಪದ ಮನುಷ್ಯನಿಗೆ. ಅವರು ನಾಲ್ಕು ಬೆರಳಿನಷ್ಟು ಸುಳ್ಳು ಹೇಳಿದ್ದರು. ಇವಳದು ಒಂದೂಮುಕ್ಕಾಲು ಗಂಟೆಯದು.

"ಡಾಕ್ಟ್ರೇ, ನಾನು ಹೊಟ್ಟೆ ಒಳಗೆ ಎಳ್ಕೊಂಡು ಅಳತೆ ಕೊಟ್ಟಿದೀನಿ."

ಡಾಕ್ಟರಮ್ಮ ಗಾಬರಿಯಾಗಿ ಹೊಟ್ಟೆಗೂ ತೊಂದರೆಯಾ ಎಂದು ಕೇಳಿದರು. ಅಲ್ಲ ಎಂದಳು. ಆಮೇಲೆ ಹೇಳಲು ಶುರು ಮಾಡಿದಳು. ಸುಳ್ಳು ಹೇಳುವಾಗ ಎರಡೇ ಪದ ಸಾಕಾಗುತ್ತಿತ್ತು, ನಿಜಕ್ಕೆ ಕಾಲು ಗಂಟೆ ಬೇಕಾಯಿತು. ಬಿಸಿನೀರು ಹೇಳಿದಳು, ಅಂಗಡಿಯಿಂದ ತಂದ ಮಾತ್ರೆ ಹೇಳಿದಳು. ದಿನಕ್ಕೆ ಎಷ್ಟು ಎಂದು ಡಾಕ್ಟರಮ್ಮ ಕೇಳಿದಾಗ ಎರಡು ಎಂದು ಬಾಯಿ ತೆರೆದು, ಮುಚ್ಚಿ, ನಾಲ್ಕು ಎಂದಳು. ಬೀಳಿಸಿದ ಲೋಟಗಳನ್ನು ಹೇಳಿದಳು. ಶಟರ್ ಹೇಳಿದಳು. ಬೆಳಕು ಚೆನ್ನಾಗಿರುತ್ತೆ ಅಂದದ್ದನ್ನು ಹೇಳುವಾಗ ಅವಳಿಗೇ ನಗು ಬಂದು, ನಗು ಬಂದದ್ದಕ್ಕೆ ಸಿಟ್ಟು ಬಂತು. ಗುಂಡಿಯ ವಿಷಯಕ್ಕೆ ಬಂದಾಗ ಮಾತ್ರ ಬಾಗಿಲನ್ನು ನೋಡಿದಳು. ಯಾರೂ ಬರಲಿಲ್ಲ.

"ನನ್ನ ಗುಂಡಿ ಅವರೇ ಹಾಕೋದು," ಎಂದು ಮುಗಿಸಿದಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಸ್ವಲ್ಪ ಹಗುರಾಗಬಹುದಿತ್ತು. ಅವರು ಮೇಜು ಸುತ್ತಿ ಬಂದು, ಸ್ಟೂಲು ಎಳೆದು ಎದುರು ಕೂತು, ಅವಳ ಕೈಗಳನ್ನು ತಾವೇ ಎತ್ತಿಕೊಂಡರು. ಒಂದೊಂದು ಕೀಲನ್ನೂ ಎರಡು ಬೆರಳಿನ ನಡುವೆ ಒತ್ತಿ ಎಣಿಸಿದರು. ಟೇಪು ಹಿಡಿಯುವವರ ಕೈ ಹೇಗಿರಬೇಕೋ ಹಾಗೇ ಇತ್ತು ಆ ಕೈ. ಕಳೆದ ಸಲ ಊದಿದ್ದವು ಮೂರು ಎಂದು ಬರೆದಿದ್ದೆ, ಇವತ್ತು ಹದಿನಾಲ್ಕು ಎಂದರು. ಹಳದಿ ಮಾತ್ರೆಯ ಜೊತೆ ಆ ನೋವಿನ ಮಾತ್ರೆಯನ್ನು ಹೇಳದೆ ಕೇಳದೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಕುತ್ತು, ಅದನ್ನು ಇವತ್ತೇ ನಿಲ್ಲಿಸಿ ಎಂದರು. ಹಳೆಯ ಎಕ್ಸ್‌ರೇ ಬೆಳಕಿಗೆ ಹಿಡಿದು, ಬಲಗೈಯ ಎರಡು ಕೀಲು ಆಗಲೇ ಸ್ವಲ್ಪ ಸವೆದಿವೆ, ಅದು ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳೋಣ, ಹೊಸ ಎಕ್ಸ್‌ರೇ ತೆಗೆಸಿ ಎಂದರು.

ಟೈಲರಮ್ಮ ಎರಡು ವರ್ಷದಿಂದ ಹೆದರಿದ್ದ ಮಾತನ್ನು ತಾನೇ ಕೇಳಿಬಿಟ್ಟಳು.

"ಕತ್ತರಿ ಬಿಡ್ಬೇಕಾ?"

"ಯಾರು ಹೇಳಿದ್ರು? ನೀವು ಕತ್ತರಿ ಹಿಡೀಲಿ ಅಂತಾನೇ ಅಲ್ವಾ ನಾನು ಔಷಧಿ ಕೊಡ್ತಿರೋದು."

ಬೇಕರಿಯ ಹೆಂಗಸು ಎಂದಳು. ಅದು ಬೇಕರಿಯ ಹೆಂಗಸಿನ ಕೈ, ಇದು ನಿಮ್ಮ ಕೈ ಎಂದರು ಡಾಕ್ಟರಮ್ಮ. ಇನ್ನೊಂದು ಔಷಧಿ ಸೇರಿಸುತ್ತೇನೆ, ಅದು ಕೆಲಸ ಶುರು ಮಾಡಲು ಎರಡು ಮೂರು ತಿಂಗಳು ಬೇಕು, ಅಲ್ಲಿಯ ತನಕ ದಪ್ಪ ಬಟ್ಟೆ, ಪದರದ ಬಟ್ಟೆ ಬೇರೆಯವರು ಕತ್ತರಿಸಲಿ, ನಿಮ್ಮ ಅಂಗಡಿಯಲ್ಲಿ ಯಾರಿಗಾದರೂ ಬರುತ್ತಾ ಎಂದು ಕೇಳಿದರು. ಕೆಳಗಿನ ಮಹಡಿಯಲ್ಲಿ ಕೈಯ ವ್ಯಾಯಾಮ ಕಲಿಸುವವರು ಇದ್ದಾರೆ, ಹಗುರವಾದ ಸ್ಪ್ರಿಂಗ್ ಕತ್ತರಿ ಯಾವುದು ಅಂತ ಅವರಿಗೆ ಗೊತ್ತು ಎಂದರು.

ಯಾರಿಗೂ ಬರಲ್ಲ ಎಂದು ನಾಲಗೆಯ ತುದಿಗೆ ಬಂದಿತ್ತು. ಸೀಮೆಸುಣ್ಣದ ಗೆರೆಗಳನ್ನೂ ಕತ್ತರಿಯನ್ನೂ ನೋಡುತ್ತ ದಾರ ಪೋಣಿಸುವ ತಗ್ಗಿದ ತಲೆಯೊಂದು ಕಣ್ಣ ಮುಂದೆ ಬಂತು.

"ಒಬ್ಬ್ಳಿದ್ದಾಳೆ. ನನಗಿಂತ ನೇರ ಕತ್ತರಿಸ್ತಾಳೇನೋ. ಅದಕ್ಕೇ ಕೊಟ್ಟಿಲ್ಲ."

ಡಾಕ್ಟರಮ್ಮ ಬರೆಯಲು ಕೂತರು. ಮಾತ್ರೆಯ ಅಳತೆ ಕೂರಿಸಲು ಸರಿಯಾದ ಲೆಕ್ಕ ಬೇಕು, ಎಷ್ಟು ಗಂಟೆಗೆ ಏಳುತ್ತೀರಿ, ಮುಷ್ಟಿ ಕಟ್ಟಲು ಎಷ್ಟು ಹೊತ್ತಿಗೆ ಆಗುತ್ತೆ, ಹೆಚ್ಚುಕಡಿಮೆ ಬೇಡ, ಸರಿಯಾಗಿ ಹೇಳಿ ಎಂದರು. ಟೈಲರಮ್ಮನಿಗೆ ಗೊತ್ತಿರಲಿಲ್ಲ. ಬೆಳಗ್ಗೆಗಳನ್ನು ಮರೆಯುವುದರಲ್ಲೇ ಅವಳ ಬುದ್ಧಿಯೆಲ್ಲ ಖರ್ಚಾಗಿತ್ತು. ಗೊತ್ತಿರುವವನು ಹೊರಗಿದ್ದ.

ಅವರನ್ನ ಕರೀರಿ ಎಂದಳು. ನರ್ಸು ಬಾಗಿಲು ತೆಗೆದು ಹಾದಿಯ ಎರಡೂ ಕಡೆ ನೋಡಿದಳು. ಯಾರೂ ಇಲ್ಲ, ಇದೊಂದು ಬೆಂಚಿನ ಮೇಲಿತ್ತು ಎಂದು ನೀಲಿ ರಟ್ಟಿನ ರಿಜಿಸ್ಟರನ್ನು ತಂದು ಟೈಲರಮ್ಮನ ತೊಡೆಯ ಮೇಲಿಟ್ಟಳು. ಒಳಗೆ ಪುಟದ ಗುರುತಿಗೆ ನೋವಿನ ಮಾತ್ರೆಯ ಹಾಳೆ. ಬೆಂಚಿನ ಅಡಿಗೆ ಬಗ್ಗಿ ಎತ್ತಿಕೊಂಡಿದ್ದ.

ನಿನ್ನೆಯ ತಾರೀಕಿನ ಷರಾ ಉದ್ದವಾಗಿತ್ತು. ಬೈದಳು. ಮಧ್ಯಾಹ್ನ 12.40ಕ್ಕೆ ಗಿರಾಕಿಗೂ ಬೈದಳು. ಸರಿಯಾಗಿ ಹೇಳಿದಳು. ಅದರ ಕೆಳಗೆ ಇವತ್ತಿನದು. ಎದ್ದದ್ದು 5.40. ಮುಷ್ಟಿ: 9.20ರ ತನಕ ಇಲ್ಲ. 9.25ಕ್ಕೆ ಒಳಗೆ ಬಿಟ್ಟೆ. 9.30ಕ್ಕೆ ಹೊರಟೆ. ಷರಾ: ಮಾತಿಗೆ ತಪ್ಪಿಲ್ಲ, ಡಾಕ್ಟರ ಕೈಗೆ ಕೊಟ್ಟಿಲ್ಲ, ಹೇಳಿಲ್ಲ. ವಾಪಸ್ಸು ಬರುವುದಿಲ್ಲ. ನಾನು ಪಕ್ಕದಲ್ಲಿದ್ದರೆ ಅವಳ ಉತ್ತರ ಹತ್ತು ನಿಮಿಷವೇ ಆಗುತ್ತದೆ.

ಟೈಲರಮ್ಮ ಅವನಿಗೆ ಬೈಯಲು ಬಾಗಿಲ ಕಡೆ ತಿರುಗಿದಳು. ಬಾಗಿಲು ಅರ್ಧ ತೆರೆದಿತ್ತು. ಹಾದಿಯ ಬೆಂಚು ಖಾಲಿ ಇತ್ತು. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಹದಿನೈದು ನಿಮಿಷ. ಎಲ್ಲೋ ಒಂದು ಬಸ್ಸು ಸರಿಯಾದ ಹೊತ್ತಿಗೆ ಹೊರಟಿರುತ್ತದೆ.

ಎರಡು ಮುಂಗೈಗಳ ನಡುವೆ ರಿಜಿಸ್ಟರನ್ನು ಎತ್ತಿ ಮೇಜಿನ ಮೇಲಿಟ್ಟು, ಮೊಣಕೈಯಿಂದ ಡಾಕ್ಟರಮ್ಮನ ಕಡೆ ನೂಕಿದಳು.

"ಓದ್ಕೊಳ್ಳಿ ಡಾಕ್ಟ್ರೇ. ಷರಾ ಒಂದು ಬಿಟ್ಟು."

ಡಾಕ್ಟರಮ್ಮ ಮೊದಲು ಓದಿದ್ದೇ ಷರಾ.